ಸಲ್ಮಿಯಾ ಓಡಿಸಿದರೆ ನಿಲ್ಲುವ ಕಾರು

ಆ ಕಾರು ಸಲ್ಮಿಯಾ ಓಡಿಸಿದಾಗ ಮಾತ್ರ ನಿಲ್ಲುತ್ತಿತ್ತು. ಮಗ ಶುಕ್ರಿ ದೂರದ ಇಪೋಹ್ ಪಟ್ಟಣದ ತನಕ ಓಡಿಸಿಕೊಂಡು ಹೋಗಿ ಬಂದರೂ ಅದಕ್ಕೆ ಒಂದು ಕೆಮ್ಮಿಲ್ಲ, ಸೀನಿಲ್ಲ. ಸಲ್ಮಿಯಾ ಕೂತಳೆಂದರೆ ಯಾವುದೋ ಒಂದು ಹಂಪು ದಾಟುವಾಗ ನಡುರಸ್ತೆಯಲ್ಲಿ ಸತ್ತು ಮಲಗುತ್ತಿತ್ತು.

ತೈಪಿಂಗ್ ಊರಿನ ನಮ್ಮ ಸಾಲುಮನೆಗಳಲ್ಲಿ ಎರಡು ಮನೆಗೆ ಒಂದೇ ಗೋಡೆ. ನಾನು ಕೆಲಸದಿಂದ ನಿವೃತ್ತಳಾಗಿ ಮನೆಯಲ್ಲಿ ಕೂತವಳು. ಅವರ ಮನೆಯ ಜಗಳಕ್ಕೆ ನಾನಾಗಿ ಕಿವಿಗೊಡಬೇಕಾಗಿರಲಿಲ್ಲ, ಅದೇ ಬಂದು ನನ್ನ ಕಿವಿಯಲ್ಲಿ ಕೂರುತ್ತಿತ್ತು. ಕೇಳದೆ ಉಳಿದದ್ದನ್ನು ಸಲ್ಮಿಯಾಳ ಅತ್ತೆ ಬೇಲಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಪೂರ್ತಿ ಮಾಡುತ್ತಿದ್ದರು. ಅವರನ್ನು ಮೊಮ್ಮಗ ಕರೆಯುವಂತೆ ಇಡೀ ಬೀದಿ 'ಓಪಾ' ಎಂದೇ ಕರೆಯುತ್ತದೆ. ಎಂಬತ್ತು ದಾಟಿದ ಅಜ್ಜಿ. ಮಂಡಿ ಬಗ್ಗುವುದಿಲ್ಲ, ನಾಲಿಗೆ ಮಾತ್ರ ಎತ್ತ ಬೇಕಾದರೂ ಬಗ್ಗುತ್ತದೆ.

ಕಾರು ಹಳೆಯದು, ಎಂಜಿನ್ ಬೇರೆಯದು. ಜಪಾನಿನಲ್ಲಿ ಬೇಡವಾದ ಕಾರುಗಳನ್ನು ಸೊಂಟಕ್ಕೆ ಕತ್ತರಿಸಿ ಮುಂದಿನರ್ಧವನ್ನು ಹಡಗಿನಲ್ಲಿ ನಮ್ಮ ಕಡೆ ಕಳಿಸುತ್ತಾರಲ್ಲ, ಅಂಥ ಒಂದು ಅರ್ಧಕಾರನ್ನು ಶುಕ್ರಿ ಲಾರಿಯಲ್ಲಿ ತರಿಸಿದ್ದ. ಕಾರಿಗೆ ಸ್ಪೀಕರು, ಬಣ್ಣದ ಗಾಜು ಹಾಕುವ ಅಂಗಡಿಯಲ್ಲಿ ಅವನಿಗೆ ಕೆಲಸ. ಸಂಜೆ ಬಂದು ಅರ್ಧಕಾರಿನ ಎಂಜಿನ್ನು, ತಂತಿ, ಕೊಳವೆ ಎಲ್ಲ ಬಿಚ್ಚಿ ಮನೆಯ ಹಳೆಯ ಕಾರಿಗೆ ಕೂರಿಸಿದ. ಆರು ತಿಂಗಳು ಆ ಮನೆಯ ಮುಂಜಗುಲಿಯಲ್ಲಿ ಚಪ್ಪಲಿ ಬಿಡಲು ಜಾಗವಿರಲಿಲ್ಲ.

"ಒಂದೂವರೆ ಕಾರು ಕಣೇ ಇದು. ಅದಕ್ಕೇ ಒಂದೂವರೆ ಪಟ್ಟು ಸದ್ದು," ಎಂದಿದ್ದರು ಓಪಾ.

ಡ್ಯಾಶ್‌ಬೋರ್ಡಿನ ಮೇಲೆ ಗಂಜಿ ಬಟ್ಟಲಿನಷ್ಟು ದೊಡ್ಡ ಆರ್‌ಪಿಎಂ ಮೀಟರ್ ಬೇರೆ ಕೂರಿಸಿದ. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗಿತು ಎಂದು ಅದರ ಕೆಂಪು ಮುಳ್ಳು ತೋರಿಸಬೇಕು. ಮೊದಮೊದಲು ತಪ್ಪು ತೋರಿಸುತ್ತಿತ್ತು. ಮೀಟರಿನ ಬೆನ್ನಿಗೆ ಎಷ್ಟು ಸಿಲಿಂಡರಿನ ಎಂಜಿನ್ ಎಂದು ಹೊಂದಿಸುವ ಸಣ್ಣ ಗುಂಡಿ ಇದೆ. ಪುಣ್ಯಾತ್ಮ ಅದನ್ನು ಆರಕ್ಕೆ ಇಟ್ಟು ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಜೋಡಿಸಿದ್ದ. ಸುತ್ತು ಕಡಿಮೆ ತೋರಿಸುತ್ತೆ, ಸತ್ತ ಎಂಜಿನ್ ಮಾರಿದ್ದೀಯ ಎಂದು ಅರ್ಧಕಾರಿನ ಅಂಗಡಿಯವನ ಮೇಲೆ ಕೂಗಾಡಿ ಬಂದ ಮೇಲೆ ಗುಂಡಿ ಕಣ್ಣಿಗೆ ಬಿತ್ತು. ಸರಿ ಮಾಡಿದ. ಆದರೆ ಮನೆಯಲ್ಲಿ 'ಆ ಮೀಟರು ಸುಳ್ಳುಬುರುಕ' ಎಂಬ ಮಾತು ನಿಂತುಬಿಟ್ಟಿತು. ಮುಂದಿನ ಕಷ್ಟಕ್ಕೆ ಅರ್ಧ ಕಾರಣ ಈ ಮಾತೇ.

ಸಲ್ಮಿಯಾ ಅಡುಗೆ ಮಾಡಿ ಮಾರುವವಳು. ಬೆಳಗಿನ ನಮಾಜಿಗೆ ಮುಂಚೆಯೇ ಅವಳ ಮನೆಯಿಂದ ತೆಂಗಿನಹಾಲಿನ ಅನ್ನದ ಪರಿಮಳ ನಮ್ಮ ಮನೆಗೆ ಬರುತ್ತದೆ. ಅನ್ನ, ಒಣಮೀನಿನ ಖಾರ, ಹುಳಿ ಬರಿಸಿದ ದುರಿಯನ್ ಹಣ್ಣು ಹಾಕಿ ಕುದಿಸಿದ ಮೀನಿನ ಗುಲಾಯ್ ಸಾರು. ಇವನ್ನು ಸ್ಟೇಷನ್ ರಸ್ತೆಯ ಒಂದು ಅಂಗಡಿಗೂ ಆಸ್ಪತ್ರೆ ಗೇಟಿನ ಯಾಮ್ ಅಕ್ಕನ ಅಂಗಡಿಗೂ ಮುಟ್ಟಿಸಬೇಕು. ಮೊದಲೆಲ್ಲ ಗಂಡ ಬಹರಿನ್ ಮೋಟಾರ್‌ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದರು. ಅವರು ಕೆರೆ ಪಾರ್ಕಿನ ಮಾಲಿಗಳ ಮೇಸ್ತ್ರಿ. ಅವರಿಗೆ ಹೊತ್ತಾದ ದಿನ ಗಂಟುಮುಖ, ಅವಳಿಗೆ ಹೊತ್ತಾದ ದಿನ ಬೈಗುಳ. ಅದು ಸಾಕಾಗಿ ಸಲ್ಮಿಯಾ ಐವತ್ತೊಂದನೆಯ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಎರಡು ಸಲ ಪರೀಕ್ಷೆಯಲ್ಲಿ ಫೇಲಾಗಿ ಮೂರನೆಯ ಸಲ ಪಾಸಾದಳು. ಲೈಸೆನ್ಸನ್ನು ನನಗೆ ತೋರಿಸಲು ಬಂದಾಗ ಅದರ ಮೇಲಿದ್ದ ತನ್ನ ಫೋಟೋವನ್ನು ತಲೆವಸ್ತ್ರದ ತುದಿಯಿಂದ ಒರೆಸುತ್ತಲೇ ಇದ್ದಳು. ಮಗನಿಗೆ ಹೆಸರಿಟ್ಟ ದಿನವೂ ಅಷ್ಟು ಖುಷಿ ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ.

ಒಂದು ದಿನ ತಿರುವಿನಲ್ಲಿ ಗುಲಾಯ್ ಚೀಲ ಉರುಳಿ ಕಾರೊಳಗೆಲ್ಲ ಚೆಲ್ಲಿತು. ದುರಿಯನ್ ವಾಸನೆ ಅಷ್ಟು ಸುಲಭಕ್ಕೆ ಹೋಗುತ್ತದೆಯೇ? ಮುಂದಿನ ರಜಾ ದಿನ ಬಹರಿನ್ ತಾವೇ ಡ್ರಿಲ್ಲು ಹಿಡಿದು, ಎಡಗಡೆ ಸೀಟಿನ ಮುಂದೆ ಡ್ಯಾಶ್‌ಬೋರ್ಡಿನ ಕೆಳಗೆ ಒಂದು ಕಬ್ಬಿಣದ ಕೊಕ್ಕೆ ಬಿಗಿದರು.

"ಇಲ್ಲಿ ತೂಗುಹಾಕು ಮಿಯಾ. ಇನ್ನು ಒಂದು ಹನಿ ಚೆಲ್ಲಲ್ಲ."

ಚೆಲ್ಲಲಿಲ್ಲ. ಬಂದವರಿಗೆಲ್ಲ ಅವರು ಆ ಕೊಕ್ಕೆ ಎಳೆದು ತೋರಿಸಿದರು. "ಮದುವೆಯಾದಾಗಿನಿಂದ ನಾನು ಕೇಳದೆ ಮಾಡಿಕೊಟ್ಟ ಮೊದಲನೇ ಕೆಲಸ ಕಣಕ್ಕಾ," ಎಂದು ಸಲ್ಮಿಯಾ ನನ್ನ ಹತ್ತಿರ ನಕ್ಕಳು.

ಮಳೆ ಜೋರಾದ ಮೇಲೆ ಕಾರು ನಿಲ್ಲತೊಡಗಿತು. ಮೊದಲ ದಿನ ಶಾಲೆಯ ಮುಂದಿನ ಹಂಪಿನಲ್ಲಿ. ಅವಳು ಮಗನಿಗೆ ಫೋನು ಮಾಡಿ, ಸಾರು ಆರಿಹೋಗುತ್ತದೆಂದು ಚೀಲಗಳನ್ನು ಎರಡೂ ಕೈಯಲ್ಲಿ ಹಿಡಿದು ಯಾಮ್ ಅಕ್ಕನ ಅಂಗಡಿಗೆ ನಡೆದೇಬಿಟ್ಟಳು. ವಾಪಸು ಬರುವಷ್ಟರಲ್ಲಿ ಶುಕ್ರಿ ಬಂದು ಕೀಲಿ ತಿರುಗಿಸಿದ್ದ, ಕಾರು ಗುರ್ ಎನ್ನುತ್ತ ನಿಂತಿತ್ತು.

"ಏನೂ ಆಗಿಲ್ವಲ್ಲ ಮಾ! ಕ್ಲಚ್ ಬೇಗ ಬಿಟ್ಟಿರ್ತೀಯ."

"ಇಲ್ಲ ಕಣೋ. ಕಾರು ಇನ್ನೂ ಉರುಳ್ತಾನೇ ಇತ್ತು. ಮೊದಲು ಆ ಮುಳ್ಳು ದೊಪ್ಪಂತ ಬಿತ್ತು, ಕಾರು ಸತ್ತೋಯ್ತು ಆಮೇಲೆ."

"ಕಾರು ನಿಂತ್ರೆ ಮುಳ್ಳು ಬೀಳತ್ತೆ. ನೀನು ಉಲ್ಟಾ ಹೇಳ್ತಿದ್ದೀಯ."

"ನಾನು ನೋಡಿದ್ದು ನಾನು ಹೇಳ್ತಿದ್ದೀನಪ್ಪ."

ಆಮೇಲೆ ಅದು ಒಂದು ದಿನ ಬಿಟ್ಟು ಒಂದು ದಿನದ ಕತೆಯಾಯಿತು. ಪ್ರತಿ ಸಲ ಇವಳು ಚೀಲ ಹಿಡಿದು ನಡೆಯುವುದು, ಅವನು ಬಂದರೆ ಕಾರು ಸಾಧುವಿನಂತೆ ಎದ್ದು ಕೂರುವುದು. ಶುಕ್ರಿ ಮಳೆಯ ತೇವ ಎಂದುಕೊಂಡು ಪ್ಲಗ್ಗು ಬದಲಿಸಿದ. ಪ್ಲಗ್ಗಿಗೆ ಹೋಗುವ ತಂತಿ ಬದಲಿಸಿದ. ಸಂಬಳ ಬಂದ ದಿನವೇ ಪ್ಲಗ್ಗಿಗೆ ಕಿಡಿ ಕೊಡುವ ಹೊಸ ಕಾಯಿಲ್ ತಂದು ಹಾಕಿದ, ಪೆಟ್ರೋಲ್ ಪಂಪು ಬಿಚ್ಚಿ ತೊಳೆದ. ಅಂಗಡಿಯ ಗೆಳೆಯರು ಬಂದು ಬಾನೆಟ್ಟಿನೊಳಗೆ ತಲೆ ತೂರಿಸಿ, ಸಲ್ಮಿಯಾ ಮಾಡಿಕೊಟ್ಟ ಬಾಳೆಹಣ್ಣಿನ ಬಜ್ಜಿ ತಿಂದು, ತಲೆಗೊಂದು ರೋಗ ಹೇಳಿ ಹೋದರು.

ರಾತ್ರಿ ಊಟಕ್ಕೆ ಕೂತಾಗ ಇದೇ ಮಾತು.

"ಅವನು ಓಡಿಸಿದ್ರೆ ಓಡತ್ತೆ, ನೀನು ಓಡಿಸಿದ್ರೆ ನಿಲ್ಲತ್ತೆ," ಎಂದರು ಬಹರಿನ್ ಮೀನಿನ ಮುಳ್ಳು ಬಿಡಿಸುತ್ತ. "ಇದರಲ್ಲಿ ತಲೆ ಕೆಡಿಸ್ಕೊಳ್ಳೋದು ಏನಿದೆ?"

"ಬಾಂಗ್, ಆ ಮುಳ್ಳು ಮೊದಲು..." ಗಂಡನನ್ನು ಅವಳು ಅಣ್ಣ ಎನ್ನುವ ಅರ್ಥದಲ್ಲಿ ಬಾಂಗ್ ಎಂದು ಕರೆಯುವುದು, ನಮ್ಮಲ್ಲಿ ಎಲ್ಲ ಹೆಂಡಂದಿರದೂ ಹಾಗೇ.

"ಅಯ್ಯೋ, ಆ ಸುಳ್ಳುಬುರುಕ ಮುಳ್ಳಿನ ಸುದ್ದಿ ಬಿಡು! ಕಣ್ಣು ರಸ್ತೆ ಮೇಲಿರಬೇಕು, ಮುಳ್ಳಿನ ಮೇಲಲ್ಲ."

"ರಸ್ತೆ ಮೇಲೂ ಇತ್ತು."

"ಕ್ಲಚ್ ವಿಷ್ಯ ಹೇಳಿದ್ದೀನಿ ಆಬಾ," ಎಂದ ಶುಕ್ರಿ ಅಪ್ಪನಿಗೆ. ಅವನಿಗೆ ತನ್ನ ಕಾರಿನ ಮಾನ ಉಳಿಯಬೇಕಿತ್ತು. ಅದಕ್ಕೆ ಅಮ್ಮನದನ್ನು ಕೊಟ್ಟುಬಿಟ್ಟ.

"ಸಾರಿಗೆ ಉಪ್ಪು ಕಡಿಮೆಯಾದ್ರೂ ಅವಳ ಕ್ಲಚ್ಚೇ ಕಾರಣ ಅನ್ನಿ," ಎಂದು ಓಪಾ ತಮ್ಮ ತಟ್ಟೆ ಮುಂದಕ್ಕೆ ತಳ್ಳಿದರು. "ಒಂದ್ ವಾರ ಪಕ್ಕದಲ್ಲಿ ಕೂತು ನೋಡೋ, ದೊಡ್ಡ ಮೆಕ್ಯಾನಿಕ್ಕು."

ಶುಕ್ರಿ ಒಂದು ವಾರ ಪಕ್ಕದಲ್ಲಿ ಕೂತ. ಅವನದು ಉದ್ದ ಕಾಲು. ಕೊಕ್ಕೆಗೆ ಹಾಕಿದ ಬಿಸಿ ಚೀಲ ಮೊಳಕಾಲಿಗೆ ತಾಗುತ್ತದೆಂದು ಅದನ್ನು ಹಿಂದಿನ ಸೀಟಿನಲ್ಲಿ ಒತ್ತಿಟ್ಟ. ಆ ವಾರ ಕಾರು ಒಮ್ಮೆಯೂ ನಿಲ್ಲಲಿಲ್ಲ. ಸೋಮವಾರ ಅವಳು ಒಬ್ಬಳೇ ಹೋದಳು, ಸ್ಟೇಷನ್ ರಸ್ತೆಯಲ್ಲಿ ನಿಂತಿತು.

"ನೋಡಿದ್ಯಾ? ಹೇಳ್ಕೊಡೋರು ಪಕ್ಕದಲ್ಲಿದ್ರೆ ಸರಿಯಾಗಿ ಓಡಿಸ್ತಾಳೆ," ಎಂದರು ಬಹರಿನ್. ಅವರ ಲೆಕ್ಕದಲ್ಲಿ ಕೇಸು ಅಲ್ಲಿಗೆ ಮುಗಿದಿತ್ತು.

ಕೆಟ್ಟ ದಿನ ಬಂದದ್ದು ಅದೇ ವಾರ. ಆಸ್ಪತ್ರೆ ಗೇಟಿನ ಹಂಪಿನ ಮೇಲೆಯೇ ಕಾರು ಸತ್ತಿತು. ಹಿಂದೆ ಆಂಬ್ಯುಲೆನ್ಸು. ಪೇದೆ ಸೀಟಿ ಊದುತ್ತಿದ್ದಾನೆ, ಜನ ಕಾರು ತಳ್ಳುತ್ತಿದ್ದಾರೆ, ಸಲ್ಮಿಯಾ ಸ್ಟೇರಿಂಗ್ ಹಿಡಿದು ಬೆವರುತ್ತಿದ್ದಾಳೆ. ಪಾರ್ಕಿಗೆ ಹೊರಟಿದ್ದ ಬಹರಿನ್ ಆ ಹೊತ್ತಿಗೇ ಬೈಕಿನಲ್ಲಿ ಅಲ್ಲಿಗೆ ಬರಬೇಕೇ! ಕಾರನ್ನು ಬದಿಗೆ ನಿಲ್ಲಿಸಿ, ಅವಳು ಚೀಲಗಳನ್ನು ಯಾಮ್ ಅಕ್ಕನ ಮೇಜಿನ ಮೇಲಿಟ್ಟಾಗ, ಕಾಫಿ ಕುಡಿಯುತ್ತಿದ್ದ ನರ್ಸುಗಳು, ಡ್ರೈವರುಗಳು ಅಂತ ಹತ್ತು ಜನರ ಮುಂದೆ ಅವರು ಕೈ ಚಾಚಿದರು.

"ಕೀಲಿ ಕೊಡು."

"ಮನೆಗೆ ಹೋಗಿ ಮಾತಾಡೋಣ ಬಾಂಗ್."

"ಮಾತಾಡೋದು ಏನೂ ಇಲ್ಲ. ಯಾಮ್ ಅಕ್ಕ, ಇನ್ಮೇಲೆ ಇವಳನ್ನ ನಂಬ್ಕೊಂಡು ಕೂರಬೇಡಿ. ಇವಳಿಗೆ ಡ್ರೈವಿಂಗ್ ಬರಲ್ಲ. ಯಾರನ್ನಾದ್ರೂ ಕೊಂದ ಮೇಲೆ ಬುದ್ಧಿ ಬಂದು ಏನು ಪ್ರಯೋಜನ?"

ಕೀಲಿ ಅವರ ಅಂಗಿಯ ಜೇಬು ಸೇರಿತು. ಸಲ್ಮಿಯಾ ಮನೆಗೆ ನಡೆದು ಬಂದಳು. ಆ ದಿನ ಗೋಡೆಯಾಚೆ ಜಗಳವೇ ಇರಲಿಲ್ಲ. ನನಗೆ ಅದೇ ಹೆಚ್ಚು ಸಂಕಟವಾಯಿತು.

ಆಮೇಲೆ ಎದುರುಮನೆಯವನು ತನ್ನ ಬೈಕಿಗೆ ಪೆಟ್ಟಿಗೆ ಕಟ್ಟಿಕೊಂಡು ಅನ್ನ ಮುಟ್ಟಿಸತೊಡಗಿದ. ಅವನು ಏಳುವುದೇ ತಡ. ಅನ್ನ ತಣ್ಣಗಾಗಿ, ಸಾರು ಪೊಟ್ಟಣಗಳ ಮೇಲೆಲ್ಲ ಸುರಿದು ಹೋಗುತ್ತಿತ್ತು. ಯಾಮ್ ಅಕ್ಕ ಅರ್ಧ ಮಾತ್ರ ಕಳಿಸು ಎಂದಳು. ಸಲ್ಮಿಯಾ ಅರ್ಧ ತೆಂಗಿನಕಾಯಿ ತುರಿದು, ಉಳಿದ ಹೊತ್ತು ಮೆಟ್ಟಿಲ ಮೇಲೆ ಕೂರುತ್ತಿದ್ದಳು.

"ವಯಸ್ಸಾದ ಮೇಲೆ ಕಲಿತದ್ದು ಕೈಗೆ ಹತ್ತಲ್ವೇನೋ ಅಕ್ಕ," ಎಂದಳು ಒಂದು ಬೆಳಿಗ್ಗೆ. "ಮುಳ್ಳು ಬಿದ್ದದ್ದೂ ನನ್ನ ಭ್ರಮೆ ಇರಬೇಕು."

ಬಾಯಿಗೆ ಬಂದದ್ದು ಏನೋ ಹೇಳಿದೆ. ಅವಳು ತಾನು ಕಂಡದ್ದನ್ನೇ ನಂಬದ ಸ್ಥಿತಿಗೆ ಬಂದಿದ್ದಳು.

ಓಪಾ ಮಂಡಿಯನ್ನು ಆಸ್ಪತ್ರೆಯಲ್ಲಿ ತೋರಿಸುವ ದಿನ ಬಂತು. ಹಿಂದಿನ ಸಂಜೆ ಅವರು ಮಗನನ್ನು ಕರೆದು ಕೈ ಚಾಚಿದರು. ಇದು ನನ್ನ ಕಿವಿಗೇ ಬಿದ್ದದ್ದು.

"ಕೀಲಿ ಇಡು ಇಲ್ಲಿ."

"ಶುಕ್ರಿ ಕರ್ಕೊಂಡು ಹೋಗ್ತಾನೆ ಮಾ."

"ಅವನು ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಓಡಿಸ್ತಾನೆ. ನನ್ನ ಸೊಸೆ ಓಡಿಸ್ತಾಳೆ. ಅವನು ಹಿಂದೆ ಕೂತು ನನ್ನ ಗಾಲಿಕುರ್ಚಿ ಎತ್ತಿಳಿಸಲಿ."

"ನಡುರಸ್ತೆಯಲ್ಲಿ ನಿಂತ್ರೆ?"

"ನಿಂತ್ರೆ ಕೂತಿರ್ತೀನಿ. ಮನೇಲೂ ಅದೇ ತಾನೇ ಮಾಡೋದು? ಕೊಡೋ ಕೀಲಿ!"

ಅರವತ್ತರ ಮೇಸ್ತ್ರಿ ಜೇಬಿನಿಂದ ಕೀಲಿ ತೆಗೆದು ತಾಯಿಯ ಅಂಗೈಯಲ್ಲಿಟ್ಟರು.

ಮರುದಿನ ಹೇಗೂ ಆಸ್ಪತ್ರೆ ಕಡೆಗೇ ಹೋಗುವುದೆಂದು ಸಲ್ಮಿಯಾ ಯಾಮ್ ಅಕ್ಕನ ಗುಲಾಯ್ ಚೀಲವನ್ನೂ ತಂದಳು. ಮುಂದೆ ಎಡಗಡೆ ಸೀಟಿನಲ್ಲಿ ಓಪಾ, ಹಿಂದೆ ಗಾಲಿಕುರ್ಚಿ, ಅದರ ಪಕ್ಕದಲ್ಲಿ ಮುದುಡಿ ಕೂತ ಶುಕ್ರಿ. ಚೀಲಕ್ಕೆ ಜಾಗವಿಲ್ಲ.

"ಓಪಾ, ಸ್ವಲ್ಪ ತೊಡೆ ಮೇಲೆ ಇಟ್ಕೊಳ್ತೀರಾ?"

"ಕುದಿಯೋ ಸಾರನ್ನ? ಮಂಡಿ ಜೊತೆ ತೊಡೇನೂ ಡಾಕ್ಟರಿಗೆ ತೋರಿಸ್ಲಾ? ಅದಕ್ಕೇ ತಾನೇ ನಿನ್ನ ಗಂಡ ಕೊಕ್ಕೆ ಹೊಡ್ದಿದ್ದು, ಅಲ್ಲೇ ತೂಗುಹಾಕು."

ಚೀಲ ಕೊಕ್ಕೆಗೆ ಬಿತ್ತು. ಸಲ್ಮಿಯಾ ಒಂದು ಬಿಸ್ಮಿಲ್ಲಾ ಹೇಳಿ ಹೊರಟಳು. ಶಾಲೆಯ ಮುಂದಿನ ಹಂಪನ್ನು ಎರಡನೆಯ ಗೇರಿನಲ್ಲಿ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆದು, ಮೆಲ್ಲಗೆ ಹತ್ತಿಸಿ ಇಳಿಸಿದಳು. ಚೀಲ ಒಮ್ಮೆ ಜಗ್ಗಿತು. ಹಿಂದಿನಿಂದ ಕತ್ತು ಚಾಚಿ ನೋಡುತ್ತಿದ್ದ ಶುಕ್ರಿಯ ಕಣ್ಣೆದುರಿಗೇ ಕೆಂಪು ಮುಳ್ಳು ಸೊನ್ನೆಗೆ ಬಿತ್ತು. ಕಾರು ಇನ್ನೂ ಉರುಳುತ್ತಿತ್ತು. ಗೇರಿನಲ್ಲಿದ್ದ ಎಂಜಿನ್ನೂ ಚಕ್ರದ ಜೊತೆ ತಿರುಗುತ್ತಲೇ ಇತ್ತು. ಆಮೇಲೆ ಕಾರು ಎರಡು ಸಲ ಮುಗ್ಗರಿಸಿ ನಿಂತಿತು.

"ಯಾ ಅಲ್ಲಾ," ಎಂದು ಸಲ್ಮಿಯಾ ಸ್ಟೇರಿಂಗಿನ ಮೇಲೆ ಹಣೆ ಇಟ್ಟಳು.

"ಮಾ! ಮುಳ್ಳು ಮೊದಲು ಬಿತ್ತು!"

"ಅದನ್ನೇ ಎರಡು ತಿಂಗಳಿಂದ ಬಡ್ಕೋತಿದ್ದಾಳೆ," ಎಂದರು ಓಪಾ.

"ಯಾರೂ ಇಳೀಬೇಡಿ. ಏನೂ ಮುಟ್ಟಬೇಡಿ. ಮಾ, ಸ್ಟಾರ್ಟ್ ಮಾಡು."

ಎಂಜಿನ್ ಗರಗರ ತಿರುಗಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಮುಳ್ಳು ಅಲುಗಲಿಲ್ಲ. ಸಲ್ಮಿಯಾ ಅಭ್ಯಾಸಬಲದಿಂದ ಚೀಲಕ್ಕೆ ಕೈ ಹಾಕಿದಳು, ನಡೆದು ಹೋಗಿ ಕೊಟ್ಟು ಬರೋಣವೆಂದು. ಚೀಲ ಕೊಕ್ಕೆ ಬಿಟ್ಟ ಕೂಡಲೇ ಡ್ಯಾಶ್‌ಬೋರ್ಡಿನ ಕೆಳಗೆ ಟಿಕ್ ಎಂದು ಸಣ್ಣ ಸದ್ದಾಯಿತು.

"ಈಗ ತಿರುಗಿಸು," ಎಂದ ಶುಕ್ರಿ. ಕಾರು ಒಂದೇ ಸಲಕ್ಕೆ ಎದ್ದಿತು.

ಅವನು ಸೀಟುಗಳ ನಡುವಿನಿಂದ ಕೈ ತೂರಿಸಿ ಕೊಕ್ಕೆಯನ್ನು ಕೆಳಕ್ಕೆ ಜಗ್ಗಿದ. ಸತ್ತಿತು. ಬಿಟ್ಟ, ಸಲ್ಮಿಯಾ ಕೀಲಿ ತಿರುಗಿಸಿದಳು, ಎದ್ದಿತು. ಮತ್ತೆ ಜಗ್ಗಿದ, ಮತ್ತೆ ಸತ್ತಿತು. ಹಿಂದಿನ ಲಾರಿಯವನು ಹಾರನ್ ಒತ್ತೇ ಒತ್ತುತ್ತಿದ್ದ. ಸಲ್ಮಿಯಾ ನಗುತ್ತಿದ್ದಳಂತೆ, ಕೆನ್ನೆಯ ಮೇಲೆ ನೀರೂ ಇಳಿಯುತ್ತಿತ್ತಂತೆ.

"ನನ್ನ ಕಾಲಲ್ಲ," ಎಂದಳು. "ಶುಕ್ರಿ, ನನ್ನ ಕಾಲಲ್ಲ ಕಣೋ!"

"ಅಲ್ಲ ಮಾ," ಎಂದ ಅವನು. ಅವನಿಗೆ ತಲೆಯೆತ್ತಲು ಆಗಲಿಲ್ಲ ಎಂದು ಓಪಾ ನನ್ನ ಹತ್ತಿರ ಹೇಳಿದರು. ಗುಲಾಯ್ ಚೀಲವನ್ನು ಆಸ್ಪತ್ರೆ ತನಕ ಅವನೇ ಹಿಡಿದುಕೊಂಡ.

ಆ ರಾತ್ರಿ ಊಟದ ಚಾಪೆಯ ಮೇಲೆ, ಖಾರದ ಬಟ್ಟಲಿನ ಪಕ್ಕದಲ್ಲಿ, ಕೊಕ್ಕೆಯೂ ಅದರ ಸ್ಕ್ರೂವೂ ಇದ್ದವು. ಸ್ಕ್ರೂ ಹೆಬ್ಬೆರಳಿನಷ್ಟು ಉದ್ದ. ಪಾರ್ಕಿನ ಬೆಂಚಿಗೆ ಹೊಡೆಯುವಂಥದ್ದು.

"ಕಾಯಿಲ್‌ನಿಂದ ಮೀಟರಿಗೆ ಒಂದು ತಂತಿ ಹೋಗತ್ತೆ ಆಬಾ," ಎಂದ ಶುಕ್ರಿ ಅನ್ನ ಕಲಸುತ್ತ. "ಕಾಯಿಲ್ ಎಷ್ಟು ಸಲ ಕಿಡಿ ಕೊಡ್ತು ಅಂತ ಮೀಟರು ಎಣಿಸೋದು ಅದರಿಂದ್ಲೇ. ಈ ಸ್ಕ್ರೂ ಆ ತಂತೀನ ಚುಚ್ಚಿತ್ತು. ಚೀಲದ ಭಾರಕ್ಕೆ ಪ್ಲಾಸ್ಟಿಕ್ ಬಗ್ಗಿ, ಹಂಪಿನಲ್ಲಿ ಸ್ಕ್ರೂ ತುದಿ ಒಳಗಿರೋ ಕಾರಿನ ಕಬ್ಬಿಣಕ್ಕೆ ತಾಗೋದು. ತಾಗಿದ ಕೂಡ್ಲೇ ಕರೆಂಟೆಲ್ಲ ಆ ಕಬ್ಬಿಣಕ್ಕೇ ಹರಿದು ಕಿಡಿ ಬಂದ್. ಮಾ ಚೀಲ ತಗೊಂಡು ನಡೆದ್ರೆ ಮತ್ತೆ ಸರಿ. ನಾನು ಬರೋ ಹೊತ್ತಿಗೆ ಚೀಲ ಇರ್ತಾನೇ ಇರಲಿಲ್ಲ." ಆಮೇಲೆ ತಟ್ಟೆ ಬದಿಗೆ ಸರಿಸಿ, "ತಂತೀನ ಅಲ್ಲಿ ಎಳೆದಿದ್ದು ನಾನೇ. ತಪ್ಪು ನಂದೂ ಇದೆ," ಎಂದ.

ಬಹರಿನ್ ಸ್ಕ್ರೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು.

"ಯಾರ ಕೈಕೆಲಸವೋ, ಗಟ್ಟಿಯಾಗೇ ಹೊಡೆದಿದ್ದಾರೆ," ಎಂದರು ಓಪಾ.

"ಓಪಾ, ಊಟ ಮಾಡಿ," ಎಂದಳು ಸಲ್ಮಿಯಾ.

ಬಹರಿನ್ ಕೈ ತೊಳೆದು ಬಂದರು. ಓಪಾ ಹತ್ತಿರವಿದ್ದ ಕೀಲಿಯನ್ನು ತೆಗೆದುಕೊಂಡು ಹೆಂಡತಿಯ ತಟ್ಟೆಯ ಪಕ್ಕ ಇಟ್ಟರು. ಸಲ್ಮಿಯಾ ಅದನ್ನು ಮುಟ್ಟಲಿಲ್ಲ.

"ಯಾಕೆ, ತಗೋ."

"ನೀವು ಅದನ್ನ ಕಿತ್ಕೊಂಡಿದ್ದು ಇಲ್ಲಿ ಅಲ್ಲ ಬಾಂಗ್."

"ಮತ್ತೆ?"

"ಯಾಮ್ ಅಕ್ಕನ ಅಂಗಡಿ ಮುಂದೆ. ಹತ್ತು ಜನ ಕೂತಿದ್ರು." ಅವಳ ದನಿ ಏರಲಿಲ್ಲ. "ಈಗ ಕೊಕ್ಕೆ ಇಲ್ಲ. ನಾಳೆ ಗುಲಾಯ್ ಹಿಡ್ಕೊಳ್ಳೋಕೆ ಒಬ್ರು ಬೇಕು. ನೀವೇ ಬನ್ನಿ, ಪಕ್ಕದ ಸೀಟಿಗೆ."

"ನನಗೆ ಡ್ಯೂಟಿ ಇದೆ."

"ನಂಗೂ ಇದೆ."

ಓಪಾ ಅನ್ನಕ್ಕೆ ಇನ್ನಷ್ಟು ಸಾರು ಬಡಿಸಿಕೊಂಡರಂತೆ. ಅಂಥ ರುಚಿಯಾದ ಊಟ ತಿಂಗಳುಗಳಿಂದ ಮಾಡಿರಲಿಲ್ಲ ಎಂದು ಆಮೇಲೆ ನನಗೆ ಹೇಳಿದರು.

ಮರುದಿನ ಬೆಳಿಗ್ಗೆ ನಾನು ಬೇಕೆಂದೇ ಗೇಟಿನ ಹತ್ತಿರ ನಿಂತಿದ್ದೆ. ಯಾಕೆ ಸುಳ್ಳು ಹೇಳಲಿ? ಬಹರಿನ್ ಯೂನಿಫಾರ್ಮ್ ಹಾಕಿಕೊಂಡು ಹೊರಗೆ ಬಂದರು. ಬೈಕನ್ನೊಮ್ಮೆ ನೋಡಿದರು. ಕಾರನ್ನೊಮ್ಮೆ ನೋಡಿದರು. ಆಮೇಲೆ ಎಡಗಡೆ ಬಾಗಿಲು ತೆಗೆದು ಕೂತು, ತೊಡೆಯ ಮೇಲೆ ಟವೆಲ್ ಮಡಚಿ ಹಾಸಿಕೊಂಡರು. ಸಲ್ಮಿಯಾ ಅದರ ಮೇಲೆ ಬಿಸಿ ಚೀಲ ಇಟ್ಟಳು.

"ಅಕ್ಕ, ಮಾರ್ಕೆಟ್ಟಿನಿಂದ ಏನಾದ್ರೂ ಬೇಕಾ?" ಎಂದು ನನ್ನನ್ನು ಕೇಳಿದಳು.

"ನಾನೂ ಬರ್ತೀನಿ," ಎಂದು ಹಿಂದೆ ಹತ್ತಿ ಕೂತೆ. ಇಂಥದ್ದು ತಪ್ಪಿಸಿಕೊಳ್ಳುವವಳು ನಾನಲ್ಲ.

ಶಾಲೆಯ ಹಂಪು ಬಂತು. ಅವಳು ಎರಡನೆಯ ಗೇರಿಗೆ ಹಾಕಿ ಹತ್ತಿಸಿ ಇಳಿಸಿದಳು. ಮುಳ್ಳು ಸ್ವಲ್ಪ ತಗ್ಗಿ ಮತ್ತೆ ಏರಿತು. ಬಹರಿನ್ ಅದನ್ನೇ ನೋಡುತ್ತಿದ್ದರು. ಸಾರು ತುಳುಕಿ ಯೂನಿಫಾರ್ಮಿನ ಪ್ಯಾಂಟಿನ ಮೇಲೆ ಬಿತ್ತು. ಅವರು ಹಲ್ಲು ಕಚ್ಚಿಕೊಂಡರು. ಆಸ್ಪತ್ರೆ ಗೇಟಿನ ಹಂಪನ್ನೂ ಕಾರು ಹಾಗೇ ದಾಟಿತು. ಯಾಮ್ ಅಕ್ಕನ ಅಂಗಡಿಯ ಎದುರಿಗೆ, ಅವತ್ತಿನ ಜನರಲ್ಲಿ ಅರ್ಧ ಮಂದಿ ಕಾಫಿ ಕುಡಿಯುತ್ತಿದ್ದ ಜಾಗದಲ್ಲೇ, ಸಲ್ಮಿಯಾ ಕಾರನ್ನು ಒಂದೇ ಸಲಕ್ಕೆ ನೇರವಾಗಿ ನಿಲ್ಲಿಸಿದಳು.

ಬಹರಿನ್ ಚೀಲ ಹಿಡಿದು ಇಳಿದರು. ಪ್ಯಾಂಟಿನ ಮೇಲೆ ಹಳದಿ ಕಲೆ, ದುರಿಯನ್ ವಾಸನೆ. ಕಾಫಿ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು.

"ಏನು ಬಹರಿನ್, ಇದೇನು ಈ ಕಡೆ ಸೀಟಿನಿಂದ ಇಳೀತಿದ್ದೀಯ?" ಎಂದಳು ಯಾಮ್ ಅಕ್ಕ.

ಅವರು ಚೀಲವನ್ನು ಮೇಜಿನ ಮೇಲಿಟ್ಟು, ಕೈ ಟವೆಲಿಗೆ ಒರೆಸಿಕೊಂಡರು.

"ಓಡಿಸೋಕೆ ಅವಳಿದ್ದಾಳೆ," ಎಂದರು. "ಅವತ್ತು ನಾನು ಹೇಳಿದ್ದು ತಪ್ಪು. ಕಾರು ಕೆಡಿಸಿದ್ದು ನಾನು."

ಸಲ್ಮಿಯಾ ಕಾರಿನಿಂದ ಇಳಿಯಲಿಲ್ಲ. ಎಂಜಿನ್ ಆರಿಸಲೂ ಇಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿ, ಕಣ್ಣೊರೆಸಿಕೊಂಡು, ಸ್ಟೇಷನ್ ರಸ್ತೆಯ ಅಂಗಡಿಗೆ ಹೊತ್ತಾಯಿತೆಂದು ಗಂಡನಿಗೆ ಹಾರನ್ ಹೊಡೆದಳು.